ಪೇಟೆಬೀದಿಯ ಲೆಕ್ಕ, ಮಾಲ್‌ನ ಲೆಕ್ಕ

‘ಕಾಲು ಕಿಲೋ ಎಂದರೆ ಎಷ್ಟು ಗ್ರಾಂ?’ ಎಂಟನೆಯ ತರಗತಿಯಲ್ಲಿ ಕೇಳಿದೆ. ‘250’ ಎಂದು ಎಲ್ಲರೂ ಕೂಗಿದರು. ‘ಕಾಲು ಕಿಲೋ ತೊಗರಿಬೇಳೆಗೆ ಎಷ್ಟು ರೂಪಾಯಿ?’ ಎಂದಾಗ ತರಗತಿ ಮೌನ.

ತಪ್ಪು ಮಕ್ಕಳದಲ್ಲ. ಈಗ ಬೇಳೆ ಪೊಟ್ಟಣದಲ್ಲಿ ಮನೆಗೆ ಬರುತ್ತದೆ. ನಾವು ಚಿಕ್ಕಂದಿನಲ್ಲಿ ಚೀಟಿ, ಚೀಲ ಹಿಡಿದು ಪೇಟೆಬೀದಿಗೆ ಹೋಗುತ್ತಿದ್ದೆವು. ತಕ್ಕಡಿಯ ಮುಳ್ಳು ನಡುವೆ ನಿಂತಿತೇ ಎಂದು ನೋಡುವುದು, ನಾಲ್ಕು ಅಂಗಡಿಯ ದರ ಕೇಳುವುದು, ಉಳಿದ ಚಿಲ್ಲರೆ ಎಣಿಸುವುದು – ಎಲ್ಲವೂ ಪಾಠವೇ.

ಮಾಲ್‌ನ ಕಥೆ ಬೇರೆ. ಪೂರ್ತಿ ಮುಚ್ಚಿದ, ಹವಾನಿಯಂತ್ರಿತ ಮಾಲ್‌ಗಳಲ್ಲಿ ಮೊದಲನೆಯದೆಂದು ಹೆಸರಾದ ಸೌತ್‌ಡೇಲ್ 1956ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ತೆರೆಯಿತು. ಅಲ್ಲಿ ಚಳಿಗಾಲದಲ್ಲಿ ಹೊರಗೆ ಹಿಮ, ಒಳಗೆ ಹಿತವಾದ ಬೆಚ್ಚನೆ. ಬೆಂಗಳೂರಿನ ಕೋರಮಂಗಲದಲ್ಲಿ ಫೋರಂ ಮಾಲ್ ಆರಂಭವಾದದ್ದು 2004ರಲ್ಲಿ. ಇಂಥ ಕಟ್ಟಡದೊಳಗೆ ಬಿಸಿಲು ಇಳಿದದ್ದು ಕಾಣದು, ಹೊತ್ತು ಹೋದದ್ದು ತಿಳಿಯದು. ಸುತ್ತಿದಷ್ಟೂ ಚೀಟಿಯಲ್ಲಿಲ್ಲದ ಸಾಮಾನು ಚೀಲ ಸೇರುತ್ತದೆ.

ಹಾಗೆಂದು ಮಾಲ್ ಕೆಟ್ಟದ್ದಲ್ಲ. ಮಳೆ ಬಂದರೆ ಆಸರೆ, ವೃದ್ಧರಿಗೆ ಲಿಫ್ಟ್, ಶೌಚಾಲಯ ಅಲ್ಲುಂಟು. ಪೇಟೆಬೀದಿಯಲ್ಲಿ ಇವು ಅಪರೂಪ. ಲೆಕ್ಕ ಮರೆಯಬಾರದು, ಅಷ್ಟೆ.

ಪೋಷಕರಲ್ಲಿ ಒಂದು ವಿನಂತಿ. ಮುಂದಿನ ಭಾನುವಾರ ಚೀಟಿಯನ್ನು ಮಗುವಿನ ಕೈಗೆ ಕೊಡಿ. 200 ಗ್ರಾಂ ಪೊಟ್ಟಣಕ್ಕೆ 58 ರೂಪಾಯಿ, 500 ಗ್ರಾಂ ಪೊಟ್ಟಣಕ್ಕೆ 150 ರೂಪಾಯಿ ಇದ್ದರೆ ಯಾವುದು ಅಗ್ಗ ಎಂದು ಕೇಳಿ. 100 ಗ್ರಾಂಗೆ ಲೆಕ್ಕ ಹಾಕಿದರೆ 29 ಮತ್ತು 30. ದೊಡ್ಡ ಪೊಟ್ಟಣವೇ ದುಬಾರಿ! ಬೀದಿಯಾಗಲಿ, ಮಾಲ್ ಆಗಲಿ, ಮೊಬೈಲ್ ಆಗಲಿ, ಇಷ್ಟು ಭಾಗಾಕಾರ ಬಲ್ಲ ಮಗು ಸುಲಭವಾಗಿ ಮೋಸಹೋಗದು.