ಕಾರ್ಖಾನೆಯ ಆವರಣದಲ್ಲಿ ದುಂಬಿಗಳ ತೋಟ

ಕಾಗಿಣಾ ನದಿಯ ನಮ್ಮ ಈ ಸೀಮೆಯು ಎರಡು ಸಂಪತ್ತುಗಳಿಂದ ಪ್ರಸಿದ್ಧವಾಗಿದೆ. ನೆಲದ ಮೇಲೆ ತೊಗರಿ, ನೆಲದ ಒಡಲಲ್ಲಿ ಸುಣ್ಣದ ಕಲ್ಲು. ಶಹಾಬಾದದ ಫರಸಿ ದೂರದೂರದ ಊರುಗಳ ಮನೆಗಳಿಗೆ ಹಾಸುಗಲ್ಲಾಯಿತು. 1968ರಲ್ಲಿ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಆರಂಭವಾಯಿತು. ತರುವಾಯ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳಲ್ಲಿಯೂ ಕಾರ್ಖಾನೆಗಳು ತಲೆಯೆತ್ತಿದವು. ಇತ್ತ 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಲಭಿಸಿತು. ಇವೆರಡರ ನಡುವೆ ಆವರಣದ ಗೋಡೆಯಿದೆ; ಆದರೆ ಜೇನ್ನೊಣಕ್ಕೆ ಆ ಗೋಡೆಯ ಅಡ್ಡಿಯಿಲ್ಲ.

ತೊಗರಿಯ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಫಲಿಸಬಲ್ಲದಾದರೂ, ಜೇನ್ನೊಣಗಳ ಮೂಲಕ ಗಿಡದಿಂದ ಗಿಡಕ್ಕೆ ಪರಾಗ ಸಾಗುವುದೂ ಉಂಟು. ಸೂರ್ಯಕಾಂತಿಗಂತೂ ಅವುಗಳ ನೆರವು ಇನ್ನೂ ಅಧಿಕವಾಗಿ ಬೇಕು. ಅವು ಬಾರದಿದ್ದಲ್ಲಿ ತೆನೆಯಲ್ಲಿ ಜೊಳ್ಳು ಹೆಚ್ಚುತ್ತದೆ. ಬೆಳೆಯ ಹೂವು ಕೆಲವೇ ವಾರಗಳ ಊಟ. ಉಳಿದ ತಿಂಗಳುಗಳಲ್ಲಿ ಈ ಜೀವಿಗಳು ಬದುಕುವುದೆಲ್ಲಿ?

ಕಾರ್ಖಾನೆಗಳು ತಮ್ಮ ಜಾಗದಲ್ಲಿ ಹಸಿರು ಪಟ್ಟಿಯನ್ನು ಬೆಳೆಸಬೇಕೆಂಬ ನಿಬಂಧನೆಯಿದೆ. ಹಿಂದೆ ಅದು ಸಾಮಾನ್ಯವಾಗಿ ಒಟ್ಟು ಪ್ರದೇಶದ 33 ಪ್ರತಿಶತವಾಗಿತ್ತು. ಆದರೆ ಹಸಿರೆಲ್ಲವೂ ಆಹಾರವಲ್ಲ. ಕತ್ತರಿಸಿದ ಹುಲ್ಲುಹಾಸಿನಲ್ಲಿ ದುಂಬಿಗೆ ದೊರೆಯುವುದು ಅತ್ಯಲ್ಪ. ಅದರ ಬದಲು ವರ್ಷವಿಡೀ ಒಂದಲ್ಲ ಒಂದು ಹೂವಿರುವಂತೆ ಗಿಡಗಳನ್ನು ಆರಿಸಬೇಕು. ಬೇಸಗೆಗೆ ಬೇವು, ಹೊಂಗೆ, ಮುಂಗಾರಿನ ಹೊತ್ತಿಗೆ ಹುಣಸೆ, ಮಳೆಗಾಲಕ್ಕೆ ತುಂಬೆ, ಎಳ್ಳು, ಮಳೆ ಮುಗಿಯುವಾಗ ಬಾರೆ, ಚಳಿಗಾಲಕ್ಕೆ ಕುಸುಬೆ. ಚಿಟ್ಟೆಯ ಮರಿಹುಳುಗಳಿಗೆ ಎಲೆಯೇ ಆಹಾರವಾದ್ದರಿಂದ ಕರಿಬೇವು, ನಿಂಬೆ, ಎಕ್ಕೆಗಳೂ ಇರಲಿ. ಇವೆಲ್ಲ ಈ ನೆಲಕ್ಕೆ ಒಗ್ಗಿದವು. ಬೇರೂರಿದ ಮೇಲೆ ಮರಗಳು ಹೆಚ್ಚು ನೀರು ಬೇಡವು.

ಆಹಾರದಷ್ಟೇ ಗೂಡೂ ಮುಖ್ಯ. ಜೇನ್ನೊಣಗಳ ಬಹುಪಾಲು ಜಾತಿಗಳು ಹುಟ್ಟು ಕಟ್ಟದೆ ನೆಲದಲ್ಲಿ ಬಿಲ ತೋಡಿ ಒಂಟಿಯಾಗಿ ಬಾಳುತ್ತವೆ. ಅಂಗಳಕ್ಕೆಲ್ಲ ಫರಸಿ ಹಾಸಿದರೆ ಅವಕ್ಕೆ ಮನೆಯಿಲ್ಲ. ಬಿಸಿಲು ಬೀಳುವ ಕಡೆ ತುಸು ಬರಿನೆಲವನ್ನೂ, ಕೆಲವು ಒಣ ಕಾಂಡಗಳನ್ನೂ ಹಾಗೆಯೇ ಬಿಡಬೇಕು. ಸಿಮೆಂಟಿನ ಧೂಳು ಎಲೆ ಹಾಗೂ ಶಲಾಕಾಗ್ರದ ಮೇಲೆ ಕುಳಿತರೆ ಹೂವು ಫಲಿಸದು. ಆದಕಾರಣ ಧೂಳು ತಡೆಯುವ ಮರಗಳ ಸಾಲಿನ ಹಿಂದೆ, ಗಾಳಿಯ ಮರೆಯಲ್ಲಿ ತೋಟವಿರಬೇಕು. ಅಲ್ಲಿ ಕೀಟನಾಶಕ ಸರ್ವಥಾ ಸಲ್ಲದು.

ಈ ಶಾಲೆಯಲ್ಲಿ ಕಲಿತು ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ಸಹೋದರರೂ, ದಾನಿಗಳೂ ತಮ್ಮ ಆವರಣದಲ್ಲಿ ಒಂದು ಗುಂಟೆಯನ್ನಾದರೂ ಇದಕ್ಕೆ ಮೀಸಲಿಡಬಹುದು. ಯಾವ ಹೂವಿಗೆ ಯಾವ ಕೀಟ ಬಂದಿತೆಂಬುದನ್ನು ಮಕ್ಕಳಿಂದ ತಿಂಗಳು ತಿಂಗಳು ಬರೆಯಿಸುವ ಕಾರ್ಯವನ್ನು ಶಿಕ್ಷಕರು ವಹಿಸಿಕೊಳ್ಳಲಿ. ಹೂವಿಲ್ಲದ ತಿಂಗಳು ಯಾವುದೆಂದು ಆ ಪುಸ್ತಕವೇ ತಿಳಿಸುತ್ತದೆ. ಮುಂದಿನ ಮಳೆಗೆ ನೆಡಬೇಕಾದ ಗಿಡವೂ ಅದರಿಂದಲೇ ಗೊತ್ತಾಗುತ್ತದೆ.