ಬೀದಿಯ ವಸ್ತುಗಳು ಮತ್ತು ಜನರ ನಡೆ

ಗಾಳಿ ಸೋಕಿದರೆ ತೂಗಾಡುವ ಲೋಹದ ತಗಡುಗಳ ಶಿಲ್ಪಗಳನ್ನು ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್ 1930ರ ದಶಕದಲ್ಲಿ ರಚಿಸಿದರು. ಕೃತಿಯೇ ಚಲಿಸುವ ಈ ಪ್ರಕಾರವನ್ನು ಚಲನಕಲೆ ಎನ್ನುತ್ತಾರೆ. ಬೀದಿಯ ಪ್ರತಿಷ್ಠಾಪನಾ ಕಲೆಯಲ್ಲಿ ಹಲವೊಮ್ಮೆ ಇದು ತಿರುವುಮುರುವಾಗುತ್ತದೆ: ವಸ್ತು ನಿಂತಿರುತ್ತದೆ, ಜನರು ಅದರ ಸುತ್ತ ಚಲಿಸುತ್ತಾರೆ.

ಕನ್ನಡ ನಾಡಿನಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿಯವರ ಕೃತಿಗಳು. 2015ರ ಜೂನ್‌ನಲ್ಲಿ ಅವರು ಬೆಂಗಳೂರಿನ ಸುಲ್ತಾನ್‌ಪಾಳ್ಯದ ನೀರು ತುಂಬಿದ ರಸ್ತೆಗುಂಡಿಯಲ್ಲಿ ನಿಜಗಾತ್ರದ ಮೊಸಳೆಯ ಪ್ರತಿಮೆಯನ್ನು ಇರಿಸಿದರು. ಗುಂಡಿಯನ್ನು ಬಳಸಿ ಹೋಗುವುದು ಸವಾರರಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ. ಮೊಸಳೆಯ ಮುಂದೆ ಆ ಅಭ್ಯಾಸ ಮುರಿಯಿತು. 2019ರ ಸೆಪ್ಟೆಂಬರ್‌ನಲ್ಲಿ ನಟ ಪೂರ್ಣಚಂದ್ರ ಮೈಸೂರು ಅವರು ಗಗನಯಾತ್ರಿಯ ಉಡುಪು ತೊಟ್ಟು ಹೇರೋಹಳ್ಳಿ ಸಮೀಪದ ಹದಗೆಟ್ಟ ರಸ್ತೆಯಲ್ಲಿ ತೇಲುವಂತೆ ಹೆಜ್ಜೆಯಿಟ್ಟರು. ನಂಜುಂಡಸ್ವಾಮಿಯವರು ಹೊರತಂದ ಆ ದೃಶ್ಯದಲ್ಲಿ ನೋಡುಗರಿಗೆ ಮೊದಲು ಕಾಣುವುದು ಚಂದ್ರನ ನೆಲ; ಆಟೋವೊಂದು ಹಾದುಹೋದಾಗಲೇ ಅದು ಬೆಂಗಳೂರೆಂದು ತಿಳಿಯುವುದು. ಬಳಿಕ ಮಹಾನಗರಪಾಲಿಕೆ ಆ ರಸ್ತೆಯ ದುರಸ್ತಿಗೆ ತೊಡಗಿತು. ಕಟ್ಟುನಿಟ್ಟಾದ ಅರ್ಥದಲ್ಲಿ ಇವು ಚಲನಕಲೆಯಲ್ಲ. ಆದರೆ ರಸ್ತೆಯೇ ಜನರನ್ನು ನಡೆಸುವ ಬಗೆಯನ್ನು ಇವಕ್ಕಿಂತ ಸರಳವಾಗಿ ಮಕ್ಕಳಿಗೆ ತೋರಿಸುವುದು ಕಷ್ಟ.

ಇದೇ ಪಾಠ ಗಡಿಭಾಗದ ಬೀದಿಗಳಲ್ಲಿಯೂ ಇದೆ. ಜಹೀರಾಬಾದಿನ ಹೆದ್ದಾರಿಯ ವಿಭಜಕ, ತಾಂಡೂರಿನಲ್ಲಿ ಕಲ್ಲು ಹೊತ್ತು ಬರುವ ಲಾರಿ, ನಾರಾಯಣಖೇಡದ ಸಂತೆಯ ದಿನ ದಾರಿಗೆ ಚಾಚಿದ ತಳ್ಳುಗಾಡಿ, ಇವೆಲ್ಲ ಶಾಲೆಗೆ ನಡೆದು ಬರುವ ಮಗುವಿನ ಹೆಜ್ಜೆಯನ್ನು ನಿರ್ಧರಿಸುತ್ತವೆ. ಅಂಚಿನಲ್ಲಿ ಜಾಗವಿಲ್ಲದಿದ್ದರೆ ಮಗು ವಾಹನಗಳ ನಡುವೆ ಇಳಿಯಲೇಬೇಕು. ಜಾತ್ರೆಯ ತೇರನ್ನು ನೆನಪಿಸಿದರೆ ವಿಷಯ ಇನ್ನೂ ಹತ್ತಿರವಾದೀತು: ತೇರು ಚಲಿಸುತ್ತದೆ, ಹಗ್ಗ ಹಿಡಿದ ಜನರೂ ಚಲಿಸುತ್ತಾರೆ, ತೇರಿನ ಅಗಲವೇ ಬೀದಿಯ ಅಗಲವನ್ನು ಗೊತ್ತುಮಾಡುತ್ತದೆ.

ತರಗತಿಯ ಪ್ರಯೋಗವನ್ನು ಶಾಲೆಯ ಅಂಗಳದಲ್ಲಿಯೇ ನಡೆಸತಕ್ಕದ್ದು, ರಸ್ತೆಯಲ್ಲಿ ಸಲ್ಲದು. ನೀರಿನ ನಲ್ಲಿಗೆ ಹೋಗುವ ದಾರಿಯಲ್ಲಿ ಮಣ್ಣನ್ನು ಸಮಮಾಡಿ, ಬಿಡುವಿನ ವೇಳೆಯ ಹೆಜ್ಜೆಗುರುತುಗಳನ್ನು ಮಕ್ಕಳು ಬರೆದುಕೊಳ್ಳಲಿ. ಮರುದಿನ ದಾರಿಯ ನಡುವೆ ಖಾಲಿ ಕೊಡಗಳ ಸಾಲೊಂದನ್ನು ಇಟ್ಟು, ದಾರಿ ಎಲ್ಲಿ ಬಾಗಿತು, ಯಾರು ದಾಟಿದರು, ಯಾರು ಹಿಂದಿರುಗಿದರು ಎಂದು ಹೋಲಿಸಲಿ. ಕೊಡಕ್ಕೆ ಮುಖ ಬರೆದರೆ ನಡೆ ಮತ್ತೆ ಬದಲಾಗುತ್ತದೆಯೇ ಎಂಬುದನ್ನೂ ನೋಡಬಹುದು.

ಆಮೇಲೆ ಶಾಲೆಯ ದಾರಿಯಲ್ಲಿರುವ ಅಡ್ಡಿಗಳ ನಕ್ಷೆಯನ್ನು ತಯಾರಿಸಬಹುದು. ವಿವರಗಳನ್ನು ಮಕ್ಕಳು ಕನ್ನಡದಲ್ಲಿ ಬರೆಯುತ್ತಾರೆ. ಪುರಸಭೆಗೆ ಕಳುಹಿಸುವ ಮನವಿಯನ್ನು ತೆಲುಗಿನಲ್ಲಿಯೂ ಸಿದ್ಧಪಡಿಸಲು ತೆಲುಗು ಶಿಕ್ಷಕರ ನೆರವು ಪಡೆಯುವುದು ಒಳಿತು.