ಮಲಪ್ರಭೆಯ ಮೀನಿಗೆ ಜಪಾನಿ ಹಬೆ

'ಸಾಕೆ' ಎಂದ ಕೂಡಲೇ ನಮ್ಮ ಕಡೆಯವರು ಇನ್ನೊಂದು ರೊಟ್ಟಿ ಬೇಡವೆಂದು ತಟ್ಟೆಗೆ ಕೈ ಅಡ್ಡ ಹಿಡಿದಾರು! ಜಪಾನಿನಲ್ಲಿ ಅದು ಅಕ್ಕಿಯಿಂದ ಮಾಡುವ ಮದ್ಯ. ಬೇಯಿಸಿದ ಅಕ್ಕಿಗೆ 'ಕೋಜಿ' ಎಂಬ ಶಿಲೀಂಧ್ರ ಬೆಳೆಸಿ, ಹುದುಗಿಸಿ ತಯಾರಿಸುತ್ತಾರೆ. ಮದ್ಯಸಾರ ಸುಮಾರು ಶೇ 15. ಈ ವಿದ್ಯೆಯನ್ನು ಯುನೆಸ್ಕೊ 2024ರ ಡಿಸೆಂಬರ್‌ನಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕುಡಿಯುವವರು ಕುಡಿಯುತ್ತಾರೆ, ಅದು ಬೇರೆ. ಅಲ್ಲಿನ ಅಡುಗೆಮನೆಯಲ್ಲಿ ಮಾತ್ರ ಅದು ಎಣ್ಣೆ, ಉಪ್ಪಿನಂತೆ ಒಲೆಯ ಪಕ್ಕದಲ್ಲಿರುವ ಸಾಮಾನು. ಅದರ ಹಬೆಯಲ್ಲಿ ಮೀನನ್ನೋ ಚಿಪ್ಪನ್ನೋ ಬೇಯಿಸಿದರೆ 'ಸಾಕಾಮುಶಿ'.

ಪದವಿ ಮುಗಿಸಿದ ನಾನು ಸವದತ್ತಿಯಿಂದ ಧಾರವಾಡಕ್ಕೆ ಓಡಾಡಿ ಜಪಾನಿ ಭಾಷೆ ಕಲಿಯುತ್ತಿದ್ದೇನೆ. ಭಾರತ ಮತ್ತು ಜಪಾನ್ 2021ರ ಜನವರಿಯಲ್ಲಿ ಕುಶಲ ಕೆಲಸಗಾರರ ಕುರಿತು ಒಪ್ಪಂದ ಮಾಡಿಕೊಂಡಾಗ ಅದರಲ್ಲಿ 14 ಕ್ಷೇತ್ರಗಳಿದ್ದವು. ಹೋಟೆಲ್ ಅಡುಗೆ ಮತ್ತು ಬಡಿಸುವ ಕೆಲಸವೂ ಅದರಲ್ಲೊಂದು. ಭಾಷೆಯಲ್ಲಿ ಎನ್4 ಮಟ್ಟ ಬೇಕು. ಶುಚಿತ್ವ, ಅಡುಗೆ ತಯಾರಿ, ಗ್ರಾಹಕ ಸೇವೆಯ ಬಗ್ಗೆ ಇನ್ನೊಂದು ಪರೀಕ್ಷೆ. ಓದಿಕೊಂಡೇ ಪಾಸಾಗಬಹುದು. ಆದರೆ ಒಲೆಯ ಮುಂದೆ ನಿಲ್ಲದೆ ಅಡುಗೆ ಕೆಲಸಕ್ಕೆ ಅರ್ಜಿ ಹಾಕುವುದು ನನಗೆ ಸರಿ ಕಾಣಲಿಲ್ಲ.

ಸಾಕಾಮುಶಿಯಲ್ಲಿ ಹೆಸರುವಾಸಿಯಾದದ್ದು 'ಅಸಾರಿ' ಎಂಬ ಚಿಪ್ಪಿನದು. ಅದರ ನೆಂಟ ನಮ್ಮ ಉತ್ತರ ಕನ್ನಡದ ಬಳಚು. ಮಂಗಳೂರಿನವರು ಮರುವಾಯಿ ಎನ್ನುತ್ತಾರೆ, ಕೊಂಕಣಿಯವರು ತಿಸ್ರೆ. ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಜನ ಕೆಸರಿಗಿಳಿದು ಇದನ್ನು ಹೆಕ್ಕುತ್ತಾರೆ. ಆ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟ ಸಿಕ್ಕಿತು. ನಾನು ಮೊದಲ ಸಲ ಸಾಕಾಮುಶಿ ಮಾಡಿದ್ದು ಅಲ್ಲೇ, ಗೆಳೆಯನ ಮನೆಯಲ್ಲಿ.

ಕೆಲಸದಲ್ಲಿ ಮುಕ್ಕಾಲು ಪಾಲು ಒಲೆ ಹಚ್ಚುವ ಮೊದಲೇ ಮುಗಿಯುತ್ತದೆ. ಒಂದು ಲೀಟರ್ ನೀರಿಗೆ 30 ಗ್ರಾಂ ಉಪ್ಪು ಹಾಕಿದರೆ ಹೆಚ್ಚುಕಡಿಮೆ ಸಮುದ್ರದ ಉಪ್ಪು. ಅದರಲ್ಲಿ ಬಳಚು ಬಿಟ್ಟು, ಮೇಲೆ ಬಟ್ಟೆ ಹಾಕಿ ಕತ್ತಲು ಮಾಡಿ ಎರಡು ಮೂರು ತಾಸು ಇಡಬೇಕು. ಬಾಯಿ ತೆರೆದು ಮರಳು ಉಗುಳುತ್ತವೆ. ಆಮೇಲೆ ಚಿಪ್ಪಿಗೆ ಚಿಪ್ಪು ಉಜ್ಜಿ ತೊಳೆಯುವುದು. ಬಾಯಿ ತೆರೆದುಕೊಂಡದ್ದನ್ನು ಬೆರಳಿನಿಂದ ತಟ್ಟಿದಾಗ ಮುಚ್ಚಿಕೊಳ್ಳದಿದ್ದರೆ ಅದು ಸತ್ತಿದೆ, ಎಸೆಯಿರಿ. ಅರ್ಧ ಕಿಲೋ ಬಳಚು, ತೆಳ್ಳಗೆ ಹೆಚ್ಚಿದ ಹಸಿಶುಂಠಿ, ಅರ್ಧ ಕಪ್ ಸಾಕೆ. ಮುಚ್ಚಳ ಹಾಕಿ ಉರಿ ಜೋರು ಮಾಡಿದರೆ ಮೂರರಿಂದ ಐದು ನಿಮಿಷದಲ್ಲಿ ಚಿಪ್ಪುಗಳು ಟಪ್ ಟಪ್ ಎಂದು ತೆರೆಯುತ್ತವೆ. ತೆರೆದ ಕೂಡಲೇ ಇಳಿಸಬೇಕು, ತಡವಾದರೆ ರಬ್ಬರ್. ಕೊನೆಗೂ ತೆರೆಯದವನ್ನು ತಿನ್ನಬಾರದು. ಉಪ್ಪು ಹಾಕಲೇಬೇಡಿ, ಚಿಪ್ಪಿನೊಳಗೇ ಸಮುದ್ರವಿದೆ. ಎರಡು ಹನಿ ಸೋಯಾ ಸಾಸ್, ಮೇಲಿಷ್ಟು ಉಳ್ಳಾಗಡ್ಡಿ ತಪ್ಪಲು, ಅಷ್ಟೇ.

ನಮಗೆ ಸಾಕೆ ಸಿಕ್ಕಿರಲಿಲ್ಲ. ಸಿಹಿಯಿಲ್ಲದ ಬಿಳಿ ವೈನ್ ಹಾಕಿದೆವು. ಫ್ರಾನ್ಸಿನವರು ನೀಲಿಕಲ್ಲು ಬೇಯಿಸುವುದೂ ಹೀಗೆಯೇ. ಮದ್ಯಸಾರ ಆವಿಯಾಗುವಾಗ ಮೀನಿನ ಹಸಿ ವಾಸನೆಯನ್ನೂ ಎಳೆದೊಯ್ಯುತ್ತದೆ. ಆದರೆ ಸಾಕೆ ಕೊಡುವ ಆಳವಾದ ರುಚಿ ವೈನಿನಿಂದ ಪೂರ್ತಿ ಬರಲಾರದು, ಹುಳಿ ಮುಂದೆ ನಿಲ್ಲುತ್ತದೆ. ಸಕ್ಸಿನಿಕ್ ಆಮ್ಲವೆಂಬ ರುಚಿಕಾರಕ ಚಿಪ್ಪಿನಲ್ಲೂ ಇದೆ, ಸಾಕೆಯಲ್ಲೂ ಇದೆ. ಅವೆರಡರ ಜೋಡಿ ಸುಮ್ಮನೆ ಕೂಡಿಬಂದದ್ದಲ್ಲ.

ಕುಮಟಾದಲ್ಲಿ ಸರಿ, ನಮ್ಮ ಮನೆಯಲ್ಲಿ? ಬೈಲಹೊಂಗಲ, ಕಿತ್ತೂರು ಕಡೆ ಜೀವಂತ ಬಳಚು ಕಾಣುವುದು ಕಷ್ಟ. ಸವದತ್ತಿ, ರಾಮದುರ್ಗದವರಿಗೆ ಮೀನೆಂದರೆ ಮಲಪ್ರಭೆಯದು. ನವಿಲುತೀರ್ಥ ಅಣೆಕಟ್ಟಿನ ಹಿನ್ನೀರಿನ ಕಾಟ್ಲಾ, ರೋಹು. ಅದಕ್ಕೂ ದಾರಿಯಿದೆ, ಜಪಾನಿಗರು ಬಿಳಿ ಮೀನಿನ ಹೋಳುಗಳನ್ನೂ ಸಾಕಾಮುಶಿ ಮಾಡುತ್ತಾರೆ. ತೊಡಕು ಮೀನಿನದಲ್ಲ, ಬಾಟಲಿಯದು.

ನನ್ನ ಕಾಕಾ ಕುಡಿದು ಕುಡಿದೇ ಹೋದರು. ಅಂದಿನಿಂದ ಬಾಟಲಿ ನಮ್ಮ ಹೊಸ್ತಿಲು ದಾಟಿಲ್ಲ. 2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದೇ ವರ್ಷ ದ್ರಾಕ್ಷಿ ಬೆಳೆಗಾರರಿಗಾಗಿ ವೈನ್ ನೀತಿಯೂ ಬಂತು. ಕಾಗದದ ಮೇಲೆ ಎರಡೂ ಬೇರೆ ಬೇರೆ. ಗಂಡಸರನ್ನು ಕುಡಿತಕ್ಕೆ ಕಳೆದುಕೊಂಡ ಮನೆಯ ಹೆಂಗಸರಿಗೆ ಆ ವ್ಯತ್ಯಾಸ ವಿವರಿಸಿ ನೋಡಿ. 'ಬೇಯಿಸಿದರೆ ಎಲ್ಲಾ ಹಾರಿಹೋಗುತ್ತದೆ' ಎಂದು ಹೇಳಿ ಒಪ್ಪಿಸಬಹುದಿತ್ತು. ಆದರೆ ಅದು ನಿಜವಲ್ಲ. ಐದು ನಿಮಿಷದ ಹಬೆಯಲ್ಲಿ ಮದ್ಯಸಾರ ಪೂರ್ತಿ ಹೋಗುವುದಿಲ್ಲ, ಒಂದಿಷ್ಟು ರಸದಲ್ಲೇ ಉಳಿಯುತ್ತದೆ. ಬಿಟ್ಟವರಿಗೆ, ಒಲ್ಲದವರಿಗೆ ತಿಳಿಸದೆ ಬಡಿಸುವುದು ಅಡುಗೆಯವನು ಮಾಡುವ ಕೆಲಸವಲ್ಲ. ಹೋಟೆಲಿನಲ್ಲೂ ಅಷ್ಟೇ, ಮನೆಯಲ್ಲೂ ಅಷ್ಟೇ.

ಹಾಗಾಗಿ ಮನೆಯಲ್ಲಿ ಮದ್ಯವಿಲ್ಲದೆ ಮಾಡಿದೆ. ಕಾಟ್ಲಾ ಹೋಳುಗಳಿಗೆ ಉಪ್ಪು ಸವರಿ ಇಪ್ಪತ್ತು ನಿಮಿಷ ಬಿಟ್ಟೆ. ಮೀನು ನೀರು ಬಿಡುತ್ತದೆ, ಕೆಸರಿನ ವಾಸನೆಯ ಒಂದು ಪಾಲು ಅದರಲ್ಲೇ ಹೋಗುತ್ತದೆ. ಒರೆಸಿ, ಶುಂಠಿ ಹಾಸಿದ ತಟ್ಟೆಯಲ್ಲಿಟ್ಟು, ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ. ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು, ಸೋಯಾ ಸಾಸ್. ಇದನ್ನು ಸಾಕಾಮುಶಿ ಎನ್ನಲಾಗದು, ಬರೀ ಮುಶಿ. ಕೆಸರಿನ ವಾಸನೆ ತುಸು ಉಳಿಯಿತು, ಸಾಕೆಯ ಬೆಲೆ ಗೊತ್ತಾದದ್ದೂ ಅಲ್ಲಿಯೇ. ಆದರೆ ಖಾರ, ಹುಣಸೆಯ ಅಡಿಯಲ್ಲಿ ಇಷ್ಟು ದಿನ ಮರೆಯಾಗಿದ್ದ ಮೀನಿನ ಸಿಹಿ ನಾಲಿಗೆಗೆ ಬಂತು. ಮುಳ್ಳು ಮಾತ್ರ ಜಾಸ್ತಿ, ನಿಧಾನಕ್ಕೆ ತಿನ್ನಬೇಕು.

ಅವ್ವ ತಟ್ಟೆಯ ರಸಕ್ಕೆ ರೊಟ್ಟಿ ಅದ್ದಿ ನೋಡಿದಳು. "ಖಾರ ಇಲ್ಲ, ಅರಿಷಿಣ ಇಲ್ಲ, ಬ್ಯಾನಿ ಬಂದವರ ಊಟ ಆತಲ್ಲೋ" ಎಂದಳು. ಇನ್ನೊಂದು ತುತ್ತು ತಿಂದು ಕೇಳಿದಳು:

"ಅಲ್ಲಿಗೆ ಹೋದ ಮ್ಯಾಲೆ ದಿನಾ ಆ ಬಾಟ್ಲಿ ಮುಟ್ಟಬೇಕೇನ?"

"ಹೌದ ಯವ್ವಾ, ಅಡಿಗಿಗೆ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಮ್ಮ ಮನೆಯಲ್ಲಿ ಎಲ್ಲಮ್ಮನ ವಾರಗಳಂದು ಒಲೆಯ ಮೇಲೆ ಮೀನು ಏರುವುದಿಲ್ಲ.

"ಮತ್ತ ಮಂಗಳವಾರ, ಶುಕ್ರವಾರನೂ ಮೀನ ಮಾಡ್ತಾರನ ಅಲ್ಲಿ?"

"ಮಾಡ್ತಾರ ಯವ್ವಾ."

"ನೀ ಮಾಡು. ಆ ದಿನ ತಿನ್ನಬ್ಯಾಡ" ಎಂದು ಮುಳ್ಳು ಬಿಡಿಸತೊಡಗಿದಳು.